ಮಕ್ಕಳ ವಿವರಕ್ಕೂ ಒಂದು ಬೀಗ ಹಾಕಿ
ಬ್ರಹ್ಮಾವರ ಸೀಮೆಯ ಶಿಕ್ಷಕರಿಗೆ ಬಹಿರಂಗ ಪತ್ರ

ಪ್ರೀತಿಯ ಮಾಷ್ಟ್ರೇ, ಟೀಚರೇ,

ಶಾಲೆಯ ದಾಖಲಾತಿ ಪುಸ್ತಕವನ್ನು ನೀವು ಎಷ್ಟು ಜೋಪಾನವಾಗಿ ಕಾಯುತ್ತೀರಿ ಎಂಬುದು ಊರಿಗೇ ಗೊತ್ತು. ಕಪಾಟಿಗೆ ಬೀಗ, ಕೀಲಿಕೈ ಮುಖ್ಯೋಪಾಧ್ಯಾಯರ ಬಳಿ. ಹಳೆ ವಿದ್ಯಾರ್ಥಿ ಜನ್ಮದಿನಾಂಕ ಕೇಳಿಕೊಂಡು ಬಂದರೂ ಆ ಪುಸ್ತಕವನ್ನು ನೀವೇ ತೆರೆಯುತ್ತೀರಿ. ಈಗ ಅದರಲ್ಲಿರುವುದಕ್ಕಿಂತ ಎಷ್ಟೋ ಹೆಚ್ಚಿನ ವಿವರ ನಿಮ್ಮ ಲ್ಯಾಪ್‌ಟಾಪಿನಲ್ಲಿದೆ: ಸ್ಯಾಟ್ಸ್, ಯುಡೈಸ್ ಪ್ಲಸ್ ಪೋರ್ಟಲುಗಳಿಗೆ ತುಂಬಲು ಮಾಡಿಕೊಂಡ ಎಕ್ಸೆಲ್ ಪಟ್ಟಿ, ಮಕ್ಕಳ ಆಧಾರ್ ಪ್ರತಿ, ಜಾತಿ–ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಬ್ಯಾಂಕ್ ಖಾತೆ, ಅಪ್ಪ ಅಮ್ಮನ ಮೊಬೈಲ್ ನಂಬರು. ಕಪಾಟಿಗೆ ಹಾಕುವಷ್ಟೇ ಗಟ್ಟಿ ಬೀಗವನ್ನು ಇದಕ್ಕೂ ಹಾಕಿ ಎಂದು ಕೇಳಿಕೊಳ್ಳಲು ಈ ಪತ್ರ.

ಮೊದಲಿಗೆ ಝೆರಾಕ್ಸ್ ಅಂಗಡಿ. ಬಾರ್ಕೂರಿರಲಿ, ಕೊಕ್ಕರ್ಣೆಯಿರಲಿ, ಪ್ರಶ್ನೆಪತ್ರಿಕೆ ಪ್ರಿಂಟಿಗೆ ಪೆನ್‌ಡ್ರೈವ್ ಹಿಡಿದು ಅಂಗಡಿಗೆ ಹೋಗುವುದು ಶಿಕ್ಷಕರಿಗೆ ರೂಢಿ. ದಿನವಿಡೀ ಹತ್ತಾರು ಪೆನ್‌ಡ್ರೈವ್ ಚುಚ್ಚಿಸಿಕೊಳ್ಳುವ ಆ ಕಂಪ್ಯೂಟರಿನಿಂದ ವೈರಸ್ ಅಂಟುವುದು ಸುಲಭ. ಫೋಲ್ಡರುಗಳೆಲ್ಲ ಮಾಯವಾಗಿ ಶಾರ್ಟ್‌ಕಟ್ ಮಾತ್ರ ಕಂಡರೆ ಅದನ್ನು ಒತ್ತಬೇಡಿ; ಒತ್ತಿದರೆ ವೈರಸ್ಸು ನಿಮ್ಮ ಯಂತ್ರಕ್ಕೂ ಇಳಿಯುತ್ತದೆ. ಪ್ರಿಂಟಿಗೆಂದೇ ಒಂದು ಪೆನ್‌ಡ್ರೈವ್ ಬೇರೆ ಇಡಿ, ಬೇಕಾದ ಪಿಡಿಎಫ್ ಒಂದನ್ನೇ ಹಾಕಿ, ಮರಳಿದ ಮೇಲೆ ಸ್ಕ್ಯಾನ್ ಮಾಡಿ ಅಳಿಸಿ. ಅಲ್ಲಿ ವಾಟ್ಸ್ಆ್ಯಪ್ ವೆಬ್ ತೆರೆದಿದ್ದರೆ ಹೊರಡುವ ಮೊದಲು ಲಾಗ್‌ಔಟ್ ಆಗಿ. ಮರೆತರೆ ಫೋನಿನ ‘ಲಿಂಕ್ಡ್ ಡಿವೈಸಸ್’ನಲ್ಲಿ ಅದನ್ನು ತೆಗೆದುಹಾಕಬಹುದು.

ಎರಡನೆಯದು ಪಾಸ್‌ವರ್ಡ್. ಶಾಲೆಯ ಡೈಸ್ ಕೋಡನ್ನೇ ಪಾಸ್‌ವರ್ಡ್ ಮಾಡಬೇಡಿ, ಅದು ಎಲ್ಲರಿಗೂ ಸಿಗುತ್ತದೆ. ಊರಿನ ಹೆಸರಿಗೆ 123 ಸೇರಿಸಿದರೆ ಯಾರು ಬೇಕಾದರೂ ಊಹಿಸಬಲ್ಲರು. ಗಂಜಿ, ದೋಣಿ, ಬುಧವಾರ, ಕೊಡೆ ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ನೀವೇ ಆರಿಸಿ ಕೂಡಿಸಿದರೆ ನೆನಪಿಡುವುದು ಸುಲಭ, ಊಹಿಸುವುದು ಕಷ್ಟ. ಇ–ಮೇಲಿಗೆ ಒಂದು, ಪೋರ್ಟಲಿಗೆ ಇನ್ನೊಂದು ಇರಲಿ. ಇಲಾಖೆಯವರೆಂದು ಹೇಳಿಕೊಂಡು ಯಾರೇ ಕೇಳಿದರೂ ಒಟಿಪಿ ಕೊಡಬೇಡಿ. ತರಗತಿಗೆ ಏಳುವಾಗ ವಿಂಡೋಸ್ ಕೀಲಿ ಮತ್ತು ಎಲ್ ಒಟ್ಟಿಗೆ ಒತ್ತಿದರೆ ಪರದೆಗೆ ಬೀಗ ಬೀಳುತ್ತದೆ.

ಮೂರನೆಯದು ಅಪ್‌ಡೇಟ್ ಮತ್ತು ಕಡತಗಳ ಪ್ರತಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರುಗಳ ಕಡತಗಳನ್ನು ಬಂಧಿಸಿ ಹಣ ಕೇಳಿತು. ಅದು ನುಗ್ಗಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪರಿಹಾರ ಕೊಟ್ಟಿತ್ತು. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಅಪ್‌ಡೇಟ್ ಮಾಡದವರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸದಕ್ಕೆ ಹೊಂದದ ಹಳೆ ಲ್ಯಾಪ್‌ಟಾಪನ್ನು ಎಸೆಯಬೇಕಿಲ್ಲ, ವಿಂಡೋಸ್ ಬದಲು ಲಿನಕ್ಸ್ ಹಾಕಬಹುದು. ಕೇರಳದ ಶಾಲೆಗಳಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆ ಕೈಟ್ ಕೊಡುವ ಉಚಿತ ಲಿನಕ್ಸ್ ಬಳಕೆಯಲ್ಲಿದೆ. ಕಾಸರಗೋಡಿನ ನಮ್ಮ ಕನ್ನಡ ಶಿಕ್ಷಕರ ಅನುಭವ ಕೇಳಿ ನೋಡಿ. ಕಡತಗಳಿಗೆ ಸಿಡಿಲಿನ ಭಯವೂ ಇದೆ: ಮುಂಗಾರಿನ ಮೊದಲು, ದೀಪಾವಳಿಯ ಹೊತ್ತಿಗೆ ಗುಡುಗುವಾಗ ಚಾರ್ಜರು, ಇಂಟರ್ನೆಟ್ ವಯರು ಎರಡನ್ನೂ ಕಳಚಿ. ಕಡತಗಳ ಪ್ರತಿಯನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿ, ಪಾಸ್‌ವರ್ಡ್ ಕೊಟ್ಟು, ಅದನ್ನೂ ಕಳಚಿ ಬೇರೆ ಕಡೆ ಇಡಿ. ಸಿಕ್ಕಿಸಿಯೇ ಇಟ್ಟರೆ ಸಿಡಿಲಿಗೂ ವೈರಸ್ಸಿಗೂ ಲ್ಯಾಪ್‌ಟಾಪು, ಹಾರ್ಡ್‌ಡಿಸ್ಕು ಎರಡೂ ಒಟ್ಟಿಗೆ ಬಲಿ.

ಇಷ್ಟೆಲ್ಲ ಹೊರೆ ನಿಮ್ಮೊಬ್ಬರ ಮೇಲೆಯೇ ಬೀಳುವುದು ನ್ಯಾಯವಲ್ಲ. ಸಂಜೆಯೊಳಗೆ ಪಟ್ಟಿ ಬೇಕೆಂದು ಮೇಲಧಿಕಾರಿಗಳು ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿದರೆ ಯಾವ ಶಿಕ್ಷಕರಿಗೂ ಎಚ್ಚರ ವಹಿಸಲು ಪುರಸೊತ್ತಿರುವುದಿಲ್ಲ. ಆಧಾರ್ ಸಂಖ್ಯೆಯಂಥ ವಿವರವನ್ನು ಗುಂಪಿನಲ್ಲಿ ಕೇಳಬೇಡಿ, ಪ್ರತಿ ಶಾಲೆಗೂ ಹಾರ್ಡ್‌ಡಿಸ್ಕು, ಪ್ರಿಂಟರು ಕೊಡಿ ಎಂದು ಮೇಲಿನವರನ್ನು ನಾವು ಪೋಷಕರೂ ಕೇಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದು ಗುರುತಿಸಿ ಅವರ ಮಾಹಿತಿಗೆ ಹೆಚ್ಚಿನ ರಕ್ಷಣೆ ಹೇಳುತ್ತದೆ. ನಮ್ಮ ಕೇಳಿಕೆಗೆ ಆ ಬಲವಿದೆ.

ಮುಂದಿನ ಕ್ಲಸ್ಟರ್ ಸಭೆಯಲ್ಲಿ ಅರ್ಧ ಗಂಟೆ ಇದಕ್ಕೆ ಕೊಡಿ. ಗೊತ್ತಿದ್ದವರು ಗೊತ್ತಿಲ್ಲದವರಿಗೆ ತೋರಿಸಲಿ. ಕೇಳಲು ಹಿರಿಯ ಶಿಕ್ಷಕರು ಸಂಕೋಚಪಡದಿರಲಿ. ಆನ್‌ಲೈನ್ ಮೋಸದಲ್ಲಿ ಹಣ ಹೋದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆಮಾಡಿ. ಮಾಹಿತಿ ಸೋರಿದ್ದು ತಿಳಿದರೆ ಮುಚ್ಚಿಡದೆ ಪೋಷಕರಿಗೆ ಹೇಳಿ. ಬೈಯಲು ನಾವು ಬರುವುದಿಲ್ಲ, ಜೊತೆಗೆ ನಿಲ್ಲಲು ಬರುತ್ತೇವೆ.

ಇಂತಿ,
ಒಬ್ಬ ಪೋಷಕ