ಕೊಸರಿಗೆ ಹೋದ ಕಾಪಿರೈಟು

"ಒಂದ್ ಫೋಟೊಗೆ ಎಷ್ಟು?"

ಪೀಣ್ಯದ ಪಾತ್ರೆ ಕಾರ್ಖಾನೆಯ ಯಜಮಾನರು ಕೇಳಿದ ಧಾಟಿಗೆ, ನನ್ನ ಕ್ಯಾಮೆರಾ ಬ್ಯಾಗಿನಲ್ಲಿ ಮೆಂತ್ಯಸೊಪ್ಪಿನ ಕಟ್ಟುಗಳಿವೆಯೇನೋ ಎಂದು ನನಗೇ ಅನುಮಾನ ಬಂತು. ಫೋಟೊ ಎಲ್ಲಿ ಬಳಸುತ್ತೀರಿ ಎಂದೆ. "ಎಲ್ಲೂ ಇಲ್ಲ ಸಾರ್, ಬರೀ ವಾಟ್ಸಾಪಲ್ಲಿ ಡೀಲರ್‌ಗಳಿಗೆ ಕಳ್ಸೋಕೆ." ಇಪ್ಪತ್ತು ಐಟಮ್ಮು, ತಲಾ ಮುನ್ನೂರು, ಒಟ್ಟು ಆರು ಸಾವಿರ ಎಂದೆ. "ಬೋಣಿ ಟೈಮು, ಎಳೀಬೇಡಿ. ಐದು ಮಾಡ್ಕೊಳ್ಳಿ. ಕೊಸರಿಗೆ ಇನ್ನೊಂದ್ ನಾಲ್ಕು ಫೋಟೊ ಹಾಕಿ. ಗುಂಡಿ ಒತ್ತೋದು ತಾನೆ? ನಮ್ಮಕ್ಕನ ಮಗ ಮೊಬೈಲಲ್ಲೇ ತೆಗೀತಾನೆ."

ಅದು ಸುಳ್ಳಲ್ಲ. ಅಕ್ಕನ ಮಗ ಆಗಲೇ ತೆಗೆದಿದ್ದ. ಕುಕ್ಕರಿನ ಹೊಟ್ಟೆಯ ಮೇಲೆ ಅವನ ಹಳದಿ ಟೀಶರ್ಟು, ತಲೆಯ ಮೇಲಿನ ಟ್ಯೂಬ್‌ಲೈಟು, ಬಾಗಿಲಲ್ಲಿ ನಿಂತ ಟೀ ಹುಡುಗ ಎಲ್ಲರೂ ಸ್ಪಷ್ಟವಾಗಿ ಬಂದಿದ್ದರು. ಕುಕ್ಕರ್ ಮಾತ್ರ ಸರಿಯಾಗಿ ಕಾಣುತ್ತಿರಲಿಲ್ಲ.

ಹೊಳೆಯುವ ಸ್ಟೀಲ್ ಪಾತ್ರೆ ಎಂದರೆ ಉಬ್ಬಿದ ಕನ್ನಡಿ. ಅದರ ಸುತ್ತ ಬಿಳಿ ಬಟ್ಟೆಯ ಗುಡಾರ ಕಟ್ಟಿ, ಲೆನ್ಸ್ ತೂರುವಷ್ಟು ತೂತು ಮಾಡಿ, ಬೆಳಕನ್ನು ಹೊರಗಿನಿಂದ ಬಿಡಬೇಕು. ಎಲ್ಲವೂ ಬಿಳಿಯಾದರೆ ಪಾತ್ರೆಯ ಅಂಚು ಕರಗಿಹೋಗುತ್ತದೆ, ಹಾಗಾಗಿ ಎರಡೂ ಬದಿಗೆ ಕಪ್ಪು ರಟ್ಟಿನ ಪಟ್ಟಿ ನಿಲ್ಲಿಸಬೇಕು. ಬೆರಳಚ್ಚು ಬೀಳದಂತೆ ಕೈಗವಸು ತೊಡಬೇಕು. ಇಷ್ಟಾದರೂ ಪಾತ್ರೆಯ ನಡುಮಧ್ಯೆ ಲೆನ್ಸಿನ ಕಪ್ಪು ಚುಕ್ಕೆ ಉಳಿಯುತ್ತದೆ. ರಾತ್ರಿ ಕಂಪ್ಯೂಟರ್ ಮುಂದೆ ಕೂತು ಅದನ್ನು ಅಳಿಸಬೇಕು. ಒಂದೊಂದು ಐಟಮ್ಮಿಗೂ ಮುಕ್ಕಾಲು ಗಂಟೆ ಹಿಡಿಯಿತು. ಗುಂಡಿ ಒತ್ತಿದ್ದು ಮಾತ್ರ ಸೆಕೆಂಡಿನ 125ನೇ ಒಂದು ಭಾಗ. ಯಜಮಾನರು ದುಡ್ಡು ಕೊಟ್ಟಿದ್ದು ಆ ಭಾಗಕ್ಕೆ.

ಅವರನ್ನು ಬೈದು ಪ್ರಯೋಜನವಿಲ್ಲ, ಏಕೆಂದರೆ ನಮ್ಮ ಲೆಕ್ಕವೂ ಅಷ್ಟಕ್ಕಷ್ಟೆ. ಕ್ಯಾಮೆರಾ ಸವಕಳಿ, ಲೈಟಿನ ಬಾಡಿಗೆ, ಸಹಾಯಕನ ದಿನಗೂಲಿ, ಸಾಫ್ಟ್‌ವೇರಿನ ತಿಂಗಳ ಚಂದಾ, ಮನೆಯ ಖರ್ಚು ಎಲ್ಲವನ್ನೂ ವರ್ಷಕ್ಕೆ ಕೂಡಿಸಿ, ಕೆಲಸ ಸಿಗುವ ದಿನಗಳಿಂದ ಭಾಗಿಸಿದರೆ ದಿನದ ರೇಟು ಸಿಗುತ್ತದೆ. ಐದನೇ ಕ್ಲಾಸಿನ ಭಾಗಾಕಾರ. ನಾವು ಹಾಗೆ ಮಾಡುವವರಲ್ಲ. ಪಕ್ಕದ ರಸ್ತೆಯ ಫೋಟೊಗ್ರಾಫರ್ ಎಷ್ಟು ಹೇಳಿದ ಎಂದು ವಿಚಾರಿಸಿ ಅದರಲ್ಲಿ ಐನೂರು ಕಳೆಯುತ್ತೇವೆ. ಅವನೂ ನನ್ನ ರೇಟು ವಿಚಾರಿಸಿ ಐನೂರು ಕಳೆದೇ ಹೇಳಿರುತ್ತಾನೆ. ಹೀಗೆ ಕಳೆಯುತ್ತಾ ಹೋದರೆ ಒಂದು ದಿನ ಫೋಟೊ ತೆಗೆದು ಕೈಯಿಂದ ದುಡ್ಡು ಕೊಟ್ಟು ಬರುತ್ತೇವೆ.

ಮೂರು ತಿಂಗಳ ಮೇಲೆ ತುಮಕೂರಿಗೆ ಹೊರಟಿದ್ದೆ. ನೆಲಮಂಗಲ ದಾಟಿದ ಮೇಲೆ ಹೆದ್ದಾರಿ ಬದಿಯಲ್ಲಿ ನನ್ನ ಕುಕ್ಕರ್ ಎರಡು ಮಹಡಿ ಎತ್ತರಕ್ಕೆ ನಿಂತಿತ್ತು. ಡಾಬಾದಲ್ಲಿ ಇಳಿದರೆ ಗೋಡೆಯ ಕ್ಯಾಲೆಂಡರಿನಲ್ಲಿ ಅದೇ ಕುಕ್ಕರ್. ಫೋನ್ ಮಾಡಿದೆ.

"ನೋಡಿದ್ರಾ? ಎಷ್ಟ್ ಚೆನ್ನಾಗ್ ಬಂದಿದೆ ಅಲ್ವಾ ಸಾರ್!"

ವಾಟ್ಸಾಪಿಗೆ ಮಾತ್ರ ಅಂದಿದ್ರಲ್ಲ, ಇದಕ್ಕೆ ಬೇರೆ ರೇಟು ಎಂದೆ.

"ಕುಕ್ಕರ್ ನಂದು, ದುಡ್ಡು ಕೊಟ್ಟೋನು ನಾನು. ಇನ್ಯಾವ ರೇಟು?"

ರೋಷದಿಂದ ವಕೀಲ ಗೆಳೆಯನ ಬಳಿ ಹೋದೆ. ಅವನು ನಕ್ಕು 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮು ತೆಗೆದ. ಬೇರೆಯವರು ಹೇಳಿ, ಹಣ ಕೊಟ್ಟು ತೆಗೆಸಿದ ಫೋಟೊಗೆ ಮೊದಲ ಮಾಲೀಕರು ತೆಗೆಸಿದವರೇ, ಬೇರೆ ಕರಾರು ಇಲ್ಲದಿದ್ದರೆ. ಅಂದರೆ ಯಜಮಾನರು ನಾಲ್ಕು ಫೋಟೊ ಕೊಸರಿಗೆ ಚೌಕಾಸಿ ಮಾಡುತ್ತಿದ್ದ ಹೊತ್ತಿಗೆ ಕಾನೂನು ಇಡೀ ಬುಟ್ಟಿಯನ್ನೇ ಅವರ ಚೀಲಕ್ಕೆ ಸುರಿದಾಗಿತ್ತು. ಪಾಪ, ಅವರಿಗೂ ಗೊತ್ತಿರಲಿಲ್ಲ.

"ಕರಾರು ಏನಾದ್ರೂ ಇದೆಯಾ?" ಎಂದ ಗೆಳೆಯ. ಮೊಬೈಲ್ ತೋರಿಸಿದೆ. '20+4 ಫೋಟೊ, 5000' ಎಂದು ನಾನು ಕಳಿಸಿದ್ದೆ. ಅದರ ಕೆಳಗೆ ಯಜಮಾನರ ಹಳದಿ ಹೆಬ್ಬೆರಳಿನ ಚಿತ್ರ. ಹೆಬ್ಬೆಟ್ಟು ಒತ್ತಿದವರು ಅವರು, ಹೆಬ್ಬೆಟ್ಟಾದವನು ನಾನು.

ಆ ಐದು ಸಾವಿರವೂ ಎರಡು ತಿಂಗಳು ಸತಾಯಿಸಿ ಬಂತು. ನೋಂದಾಯಿತ ಸಣ್ಣ ಉದ್ದಿಮೆಗೆ ಕೊಡಬೇಕಾದ ದುಡ್ಡನ್ನು 45 ದಿನ ಮೀರಿ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ 2006ರ ಕಾಯ್ದೆ. ಅದನ್ನು ನನಗೆ ಹೇಳಿಕೊಟ್ಟವರೂ ಯಜಮಾನರೇ. ತಮ್ಮಿಂದ ಮಾಲು ಕೊಂಡ ದೊಡ್ಡ ಕಂಪನಿ ದುಡ್ಡು ಕೊಟ್ಟಿಲ್ಲವೆಂದು ನನ್ನೆದುರೇ ಫೋನಿನಲ್ಲಿ ಕಿರುಚುತ್ತಿದ್ದರು. ನಾನು ಮಾತ್ರ ಉದ್ಯಮ್ ನೋಂದಣಿಯನ್ನೇ ಮಾಡಿಸಿರಲಿಲ್ಲ.

ಕ್ಯಾಮೆರಾ ಹೊತ್ತ ಬಂಧುಗಳೇ, ಸೊಪ್ಪು ಮಾರುವ ಅಜ್ಜಿಯನ್ನು ನೋಡಿ ಕಲಿಯೋಣ. ಆಕೆ ನಗುತ್ತಲೇ ಕೊಸರು ಹಾಕುತ್ತಾಳೆ, ಬುಟ್ಟಿಯನ್ನು ಮಾತ್ರ ಕೊಡುವುದಿಲ್ಲ. ಎಷ್ಟು ಫೋಟೊ, ಎಲ್ಲೆಲ್ಲಿ ಬಳಕೆ, ಎಷ್ಟು ವರ್ಷ, ಕಾಪಿರೈಟು ಯಾರದು, ದುಡ್ಡು ಯಾವಾಗ ಎಂದು ಐದು ಸಾಲು ಬರೆಯಿರಿ. ಸಹಿ ಹಾಕಿಸಿಕೊಳ್ಳಿ. ಆಮೇಲೆ ಬ್ಯಾಗಿನ ಜಿಪ್ ಎಳೆಯಿರಿ.