ಕುಬ್ಜಾಶ್ವ ಮೀಮಾಂಸೆ: ಒಂದು ಅಂಗುಲಾತ್ಮಕ ಅನುಸಂಧಾನ

ಪ್ರಸ್ತುತ ಪ್ರಬಂಧವು ಅಮೆರಿಕದ ಮಿನಿಯೇಚರ್ ಕುದುರೆಗಳ ತಳಿ ಸಾಕಣೆಯಲ್ಲಿ ಗಾತ್ರ ಮತ್ತು ಗುಣಗಳ ಮುಖಾಮುಖಿಯನ್ನು ಸಮಕಾಲೀನ ಸಂಕಥನದ ನೆಲೆಯಲ್ಲಿ ಮರು-ಓದಿಗೆ ಒಳಪಡಿಸುವ ಒಂದು ವಿನಮ್ರ ಪ್ರಯತ್ನವಾಗಿದೆ. (ವಿಚಾರ ಸಂಕಿರಣಗಳಲ್ಲಿ ‘ವಿನಮ್ರ’ ಎಂದು ಶುರು ಮಾಡಿದವರು ಊಟದ ಗಂಟೆಗೆ ಮುಂಚೆ ಮೈಕು ಬಿಟ್ಟದ್ದನ್ನು ನಾನಂತೂ ಕಂಡಿಲ್ಲ.) ಅಧ್ಯಯನದ ವ್ಯಾಪ್ತಿ: 34 ಅಂಗುಲ. ಅಧ್ಯಯನದ ಮಿತಿ: ಅದೇ.

ಪೂರ್ವಸೂರಿಗಳ ಕಾರ್ಯವನ್ನು ಸ್ಮರಿಸದೆ ಮುಂದೆ ಹೋಗುವಂತಿಲ್ಲ. ಶಾಲಿಹೋತ್ರನಿಂದ ಹಿಡಿದು ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದವರೆಗೆ ನಮ್ಮವರು ಕುದುರೆಗೆ ಗ್ರಂಥಗಳಲ್ಲಿ ಧಾರಾಳವಾಗಿ ಜಾಗ ಕೊಟ್ಟರು. ಮೈಮೇಲಿನ ಸುಳಿ ನೋಡಿ ಕುದುರೆಯದಷ್ಟೇ ಅಲ್ಲ, ಅದರ ಒಡೆಯನ ಹಣೆಬರಹವನ್ನೂ ಹೇಳಿದರು. ಅದು ಮೂಢನಂಬಿಕೆ ಎಂದು ಇತ್ಯರ್ಥವಾಗಿದೆ. ಆಧುನಿಕರು ಸುಳಿಯನ್ನು ಬಿಟ್ಟು ಕೂದಲನ್ನು ಹಿಡಿದರು. 1978ರಲ್ಲಿ ಹುಟ್ಟಿದ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ನಿನ ವಹಿಯಲ್ಲಿ ಹೆಸರು ಉಳಿಯಬೇಕಾದರೆ ಬೆಳೆದ ಕುದುರೆ 34 ಅಂಗುಲ ಮೀರಕೂಡದು. ಅಳೆಯುವುದು ಬೇರೆ ಕುದುರೆಗಳ ಹಾಗೆ ಹೆಗಲ ದಿಬ್ಬದ ತುದಿಗಲ್ಲ. ಜೂಲಿನ ಕಟ್ಟಕಡೆಯ ಕೂದಲಿನ ಬುಡಕ್ಕೆ. ದಿಬ್ಬ ಇಳಿದು ಬೆನ್ನು ತಗ್ಗುವ ಜಾಗ ಅದು. ಇದನ್ನು ನಾವು ‘ಜೂಲಾಂತಬಿಂದು ಸಿದ್ಧಾಂತ’ ಎಂದು ಹೆಸರಿಸಬಹುದು. ಆ ಬಿಂದುವೂ ಸಾಲದೆ ಬಂದಾಗ ಗೊರಸನ್ನು ಅತಿಯಾಗಿ ತರಿದು ಕಾಲೂರಲು ನೋಯುವ ಪ್ರಾಣಿಯನ್ನು ಅಳತೆಗೋಲಿನ ಕೆಳಗೆ ನಿಲ್ಲಿಸುವ ‘ಖುರಚ್ಛೇದ ಪ್ರಸ್ಥಾನ’ವೂ ಉಂಟು.

ತಳಿಗಾರರು ಪಂಚವಿಧ. ಒಂದು, ಅಂಗುಲಾದ್ವೈತಿಗಳು: ಅಂಗುಲವೇ ಸತ್ಯ, ಕುದುರೆ ಮಿಥ್ಯೆ. ಎರಡು, ವಿಶಿಷ್ಟಾಂಗುಲಿಗಳು: ಕುದುರೆಯೂ ಸತ್ಯವೇ, ಆದರೆ ಅಂಗುಲಕ್ಕೆ ಅಧೀನ. ಮೂರು, ದ್ವೈತಿಗಳು: ಗಾತ್ರ ಬೇರೆ, ಗುಣ ಬೇರೆ, ಒಂದು ಮಾರಲಿಕ್ಕೆ, ಇನ್ನೊಂದು ಜಾಹೀರಾತಿಗೆ. ಉಳಿದಿಬ್ಬರ ಲಕ್ಷಣ ಬರೆಯುವ ಉಮೇದು ನನಗಿಲ್ಲ. ಇಷ್ಟರಲ್ಲೇ ಇಬ್ಬರು ಮಾರ್ಗದರ್ಶಕರು ತೃಪ್ತರಾಗಿರಬೇಕು.

ತಮಾಷೆಯೆಂದರೆ, ಆ ಸಂಘದ ಲಕ್ಷಣಪತ್ರ ಇವರೆಲ್ಲರಿಗಿಂತ ವಿವೇಕವುಳ್ಳದ್ದು. ಗುರಿ, ಆದಷ್ಟು ಚಿಕ್ಕದಾದ ಪರಿಪೂರ್ಣ ಕುದುರೆ. ತೀರ್ಪುಗಾರರು ಮೊದಲು ನೋಡಬೇಕಾದ್ದು ಅಂಗದ ಆರೋಗ್ಯ, ಆಮೇಲೆ ಮೈಕಟ್ಟಿನ ಸಮತೋಲ, ಕಡೆಗೆ ಎತ್ತರ. ಉಳಿದೆಲ್ಲ ಹೆಚ್ಚುಕಡಿಮೆ ಸಮವಾಗಿದ್ದರೆ ಮಾತ್ರ ಚಿಕ್ಕದಕ್ಕೆ ಮಣೆ. ಆದರೆ ಕಾಲು ನೆಟ್ಟಗಿದೆಯೇ, ಮೇಲ್ದವಡೆಗೆ ಕೆಳದವಡೆ ಕೂಡುತ್ತದೆಯೇ ಎಂದು ಹೇಳಲು ಪಳಗಿದ ಕಣ್ಣು ಬೇಕು. ಎತ್ತರ ಹೇಳಲು ಕೋಲು ಸಾಕು, ಅದನ್ನು ಯಾರು ಬೇಕಾದರೂ ಹಿಡಿಯಬಹುದು. ಮೂರನೆಯ ಸಾಲಿನಲ್ಲಿ ಕೂತಿದ್ದ ಅಂಗುಲ ಮಾರುಕಟ್ಟೆಯಲ್ಲಿ ಅಧ್ಯಕ್ಷ ಪೀಠಕ್ಕೆ ಬಂದದ್ದು ಹೀಗೆ. ಪ್ರಕಟಣೆಗಳನ್ನು ಎಣಿಸಿ ಪ್ರಾಧ್ಯಾಪಕರಿಗೆ ಬಡ್ತಿ ಕೊಡುವ ನಾವು ಬೆರಗಾಗುವಂಥದ್ದೇನಲ್ಲ.

ಇಲ್ಲಿ ‘ಸೂಕ್ಷ್ಮೀಕರಣದ ಸೌಂದರ್ಯಮೀಮಾಂಸೆ’ ಎಂಬ ಅಧ್ಯಾಯ ಬರಬೇಕಿತ್ತು. ಬರೆಯಲಾರೆ. ಚಿಕ್ಕದಕ್ಕೆ ಚಿಕ್ಕದನ್ನೇ ಕೂಡಿಸುತ್ತ ಹೋದಾಗ ಕೆಲವೊಮ್ಮೆ ಹುಟ್ಟುವುದು ಗಿಡ್ಡ ಕುದುರೆಯಲ್ಲ, ಎಲುಬು ಬೆಳೆಯದ ಕುಬ್ಜ ಮರಿ. ಹಣೆ ಗುಂಡಗೆ ಉಬ್ಬಿರುತ್ತದೆ, ಮೂಗಿನ ಹೊಳ್ಳೆ ಮೇಲಕ್ಕೆ ಸರಿದಿರುತ್ತದೆ, ಕೆಳದವಡೆ ಮುಂದೆ ಚಾಚಿಕೊಂಡಿರುತ್ತದೆ. ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ತಾಗದು. ಹುಲ್ಲು ಬಾಯಿಗೆ ಸಿಕ್ಕೀತು, ಕತ್ತರಿಸಲಾಗದು. ಹನ್ನೊಂದು ತಿಂಗಳು ಹೊತ್ತ ತಾಯಿ ಆ ಉಬ್ಬುತಲೆಯನ್ನು ಹೆರಲಾರದೆ ಒದ್ದಾಡುವುದೂ ಉಂಟು. ಜಗತ್ತಿನ ಅತಿ ಚಿಕ್ಕ ಕುದುರೆ ಎಂದು 2006ರಲ್ಲಿ ಗಿನ್ನೆಸ್ ದಾಖಲೆ ಸೇರಿದ ಮಿಸೌರಿಯ ಥಂಬೆಲಿನಾ 17.5 ಅಂಗುಲದ ಇಂಥ ಕುಬ್ಜೆ. ಜನ ಫೋಟೋ ನೋಡಿ ಮುದ್ದು ಎಂದರು. ಆ ಮುದ್ದಿನ ಕಾಲುಗಳಿಗೆ ಮೂಳೆ ನೆಟ್ಟಗಾಗಲೆಂದು ಪಟ್ಟಿ ಕಟ್ಟಬೇಕಾಗಿತ್ತು. ಸಾಕಿದವರು ಅವಳಿಂದ ಮರಿ ಪಡೆಯಲಿಲ್ಲ. ಅಷ್ಟು ಮನುಷ್ಯತ್ವ ಅವರಲ್ಲಿತ್ತು.

ಇದು ದೈವಲೀಲೆಯೂ ಅಲ್ಲ. ಎಸಿಎಎನ್ ಎಂಬ ಜೀನಿನ ನಾಲ್ಕು ಬಗೆಯ ದೋಷಗಳನ್ನು ವಿಜ್ಞಾನಿಗಳು ಗುರುತಿಸಿಯಾಗಿದೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಸೇರಿದರೆ ಮಾತ್ರ ಮರಿ ಕುಬ್ಜವಾಗುತ್ತದೆ, ಕೆಲವು ಜೋಡಿಗಳಲ್ಲಿ ಗರ್ಭವೇ ನಿಲ್ಲುವುದಿಲ್ಲ. ಒಂದೇ ದೋಷ ಹೊತ್ತ ‘ವಾಹಕ’ ಕುದುರೆ ನೋಡಲು ಲಕ್ಷಣವಾಗಿರುತ್ತದೆ, ಪದಕವನ್ನೂ ಗೆದ್ದೀತು. ಕೋಲಿಗೆ ಇದೆಲ್ಲ ಕಾಣದು. ಜೂಲಿನ ಒಂದಷ್ಟು ಕೂದಲನ್ನು ಬುಡಸಮೇತ ಕಿತ್ತು ಪ್ರಯೋಗಾಲಯಕ್ಕೆ ಕಳಿಸಿದರೆ ಗೊತ್ತಾಗುತ್ತದೆ. ಹೌದು, ಜೂಲಿನದೇ ಕೂದಲು! ಬುಡಕ್ಕೆ ಕೋಲು ಹಿಡಿದು ಕಾಲಂಗುಲಕ್ಕೆ ಜಗಳ ಕಾಯುವವರಿಗೆ ಅದನ್ನು ಕಿತ್ತು ಲಕೋಟೆಗೆ ಹಾಕುವುದು ಭಾರವೇ? ಎರಡು ವಾಹಕಗಳನ್ನು ತಿಳಿದೂ ತಿಳಿದೂ ಕೂಡಿಸುವವನಿಗೆ ಯಾವ ದರ್ಶನದ ಹೆಸರನ್ನೂ ಕೊಡಲಾರೆ, ಅವನು ಕಟುಕನಿಗಿಂತ ಕಡೆ. ಕಟುಕ ಒಂದೇ ಸಲ ಕೊಯ್ಯುತ್ತಾನೆ.

ಹೆಚ್ಚಿನ ಸಂಶೋಧನೆಗೆ ಇರುವ ಅವಕಾಶಗಳು: ಮಲೆನಾಡು ಗಿಡ್ಡ ಗಿಡ್ಡಗಿರುವುದು ಯಾರೋ ಕೋಲು ಹಿಡಿದು ನಿಂತಿದ್ದರಿಂದಲ್ಲ. ಗುಡ್ಡ ಹತ್ತಿ, ಆ ಮಳೆಯಲ್ಲಿ ನೆನೆದು, ಸಿಕ್ಕಿದ್ದನ್ನು ಮೇದು ಬದುಕಿದ ಹಸು ಅದು. ಕೋಲಾರದ ಗಡಿಯಾಚೆಯ ಪುಂಗನೂರು ಹಸು ಹೆಸರು ಮಾಡಿದ್ದು ಜಿಡ್ಡಿನ ಹಾಲಿಗೆ. ಈಗ ಅದರ ಕರುವನ್ನು ಅಡಿ, ಅಂಗುಲಗಳಲ್ಲಿ ಮಾರುತ್ತಿದ್ದಾರೆ; ಜಾಹೀರಾತಿನಲ್ಲಿ ಕರು ಮೊಸಾಯಿಕ್ ನೆಲದ ಮೇಲೆ ಜಾರುತ್ತ ನಿಂತಿರುತ್ತದೆ, ಪಕ್ಕದಲ್ಲಿ ಸೋಫಾ. ಎತ್ತರ ದಪ್ಪಕ್ಷರದಲ್ಲಿ ಇರುತ್ತದೆ. ತಾಯಿಯ ಹಾಲೆಷ್ಟು ಎಂಬ ಸಾಲು ಇರುವುದಿಲ್ಲ.