ಭಾವನ ಅಂಡಮಾನ್ ಮುಹೂರ್ತ

ನಮ್ಮ ಭಾವ ಹತ್ತು ವರ್ಷದಿಂದ ಅಂಡಮಾನಿಗೆ ಹೊರಟಿದ್ದಾರೆ. ಅದಕ್ಕೆಂದೇ ಕೊಂಡ ಸೂಟ್‌ಕೇಸು ಈವರೆಗೆ ಮನೆ ಬಿಟ್ಟದ್ದು ಒಮ್ಮೆ, ಚಕ್ರದ ರಿಪೇರಿಗೆ.

"ಯಾವಾಗ ಭಾವ ಪ್ರಯಾಣ?" ಎಂದರೆ ಸಾಕು, ನೋಟ್‌ಬುಕ್ಕು ಈಚೆ ಬರುತ್ತದೆ. "ಅಲ್ಲಿ ಎರಡು ಮಳೆಗಾಲ ಕಣಯ್ಯಾ. ಕೇರಳಕ್ಕೆ ಜೂನ್ 1ಕ್ಕೆ ಬರೋ ಮುಂಗಾರು ಅಲ್ಲಿಗೆ ಮೇ ತಿಂಗಳಲ್ಲೇ ಹಾಜರು. ಅದು ಜಾಗ ಖಾಲಿ ಮಾಡೋ ಹೊತ್ತಿಗೆ ಹಿಂಗಾರು ವಕ್ಕರಿಸುತ್ತೆ. ಜೊತೆಗೆ ಚಂಡಮಾರುತ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್! ನಮ್ಮ ಬೆಂಗಳೂರಿನ ಮೂರರಷ್ಟು!"

ಹಾಗಾದರೆ ಡಿಸೆಂಬರ್? ಟಿಕೆಟ್ ದುಬಾರಿ. ಮೇಲಾಗಿ ಆಗ ಅಲ್ಲಿ ಸಂಜೆ ಐದರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಪೂರ್ತಿ ದಿನದ ದುಡ್ಡು ಕೊಟ್ಟು ಮುಕ್ಕಾಲು ಹಗಲು ನೋಡುವುದೇ? ಜನವರಿ ಜನಜಾತ್ರೆ. ಮಾರ್ಚ್ ಇಯರ್ ಎಂಡಿಂಗ್. ಬ್ಯಾಂಕಿನಿಂದ ನಿವೃತ್ತರಾಗಿ ಆರು ವರ್ಷವಾದರೂ ಮಾರ್ಚಿನಲ್ಲಿ ಊರು ಬಿಡಲು ಅವರ ಮನಸ್ಸಾಕ್ಷಿ ರಜೆ ಮಂಜೂರು ಮಾಡುವುದಿಲ್ಲ. ಏಪ್ರಿಲ್‌ನಲ್ಲಿ ಸೆಕೆ. ಫೆಬ್ರವರಿಯಲ್ಲಿ ಮಾತ್ರ ಯಾವ ಕೊರೆಯೂ ಸಿಗಲಿಲ್ಲ. ಅದಕ್ಕೇ ಅದರ ಮೇಲೆ ಅವರಿಗೆ ಅನುಮಾನ ಜಾಸ್ತಿ.

ಒಮ್ಮೆ ಅದೂ ಗಟ್ಟಿಯಾಗಿತ್ತು. ಅಷ್ಟರಲ್ಲಿ, ಹ್ಯಾವ್‌ಲಾಕಿನ ಕಡಲಲ್ಲಿ ಕತ್ತಲ ರಾತ್ರಿ ಹುಟ್ಟು ಹಾಕಿದರೆ ಸೂಕ್ಷ್ಮಜೀವಿಗಳಿಂದ ನೀರು ನೀಲಿಯಾಗಿ ಮಿನುಗುತ್ತದೆಂದು ಎಲ್ಲೋ ಓದಿದರು. ನೋಡಬೇಕಾದರೆ ಅಮಾವಾಸ್ಯೆಯೇ ಸರಿ. "ಅಮಾವಾಸ್ಯೆ ರಾತ್ರಿ ನೀರಿಗಿಳಿಯೋದೇ!" ಎಂದು ತಾವೇ ಬೆಚ್ಚಿ, ತಾವೇ ರದ್ದು ಮಾಡಿದರು.

ಇವರು ಕಾಯುತ್ತ ಕೂತಾಗ ಊರುಗಳ ಹೆಸರೇ ಬದಲಾದವು. 2018ರಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆಯಿತು. ಭಾವ ಎರಡು ಸಲವೂ ನೋಟ್‌ಬುಕ್ಕಿನಲ್ಲಿ ಹಳೆಯದನ್ನು ಸ್ಕೇಲಿಟ್ಟು ಹೊಡೆದು, ಹೊಸದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಿದರು.

ಕಳೆದ ಜುಲೈನಲ್ಲಿ ಅಕ್ಕ ಭಜನಾ ಮಂಡಳಿಯ ಹೆಂಗಸರ ಜೊತೆ ಹೊರಟೇಬಿಟ್ಟಳು. ಟಿಕೆಟ್ ಅಗ್ಗ. ಒಂದು ದಿನ ಅಲೆ ಜೋರೆಂದು ಬೋಟು ಬಿಡಲಿಲ್ಲವಂತೆ. ಇವರೆಲ್ಲ ರೂಮಿನಲ್ಲಿ ಚಕ್ಕುಲಿ ಡಬ್ಬಿ ಬಿಚ್ಚಿ ಅಂತ್ಯಾಕ್ಷರಿಗೆ ಕೂತರಂತೆ. ಮಾರನೆಯ ದಿನ ರಾಧಾನಗರ ಬೀಚಿನಿಂದ ಫೋಟೊ ಬಂತು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ತೊಪ್ಪೆಯಾಗಿ ನೆಂದು, ಬಾಯ್ತುಂಬ ನಗುತ್ತಿರುವ ಅಕ್ಕ. ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು.

ಭಾವ ಫೋನನ್ನು ನನ್ನ ಮುಂದೆ ಹಿಡಿದು, ಅಕ್ಕನ ತಲೆಯ ಮೇಲಿದ್ದ ಕಪ್ಪು ಮೋಡವನ್ನು ಎರಡು ಬೆರಳಲ್ಲಿ ಹಿಗ್ಗಿಸಿದರು.

"ನೋಡಿದ್ಯೇನಯ್ಯಾ? ಜುಲೈನಲ್ಲಿ ಮಳೆ ಅಂತ ನಾನು ಬಡ್ಕೊಂಡಿರಲಿಲ್ವಾ?"